ಕೇಳಿಸಬಾರದ ಸ್ವರ

“ಧುಂ.”

ಮತ್ತೆ ಅದೇ ಸದ್ದು. ಸ್ಪೀಕರಿನಲ್ಲಿ ಚೆಲ್ಲೊ, ಆ ದಪ್ಪ ದನಿಯ ದೊಡ್ಡ ಪಿಟೀಲು, ತನ್ನ ಪಾಡಿಗೆ ತಾನು ಹಾಡಿಕೊಂಡು ಹೋಗುತ್ತಿದ್ದರೆ ಅದರ ಕೆಳಗೆಲ್ಲೋ, ನೆಲಮಾಳಿಗೆಯಲ್ಲಿ ಯಾರೋ ಮೂಟೆ ಎತ್ತಿ ಹಾಕಿದ ಹಾಗೆ.

ಶಿಷ್ಯ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ನಕ್ಕ. ಚೆನ್ನಾಗಿಯೇ ನಗುತ್ತಾನೆ. ಗೋಡೆಯ ಮೇಲಿದ್ದ ಅಷ್ಟೂ ಫೋಟೊಗಳಲ್ಲಿ ಅದೇ ನಗು, ಪಕ್ಕದಲ್ಲಿ ನಿಂತವರು ಮಾತ್ರ ಬೇರೆ ಬೇರೆ.

“ಅದು ಸಾಫ್ಟ್‌ವೇರ್ ತರಲೆ ಮೇಡಂ. ಸ್ವರಲಿಪಿ ಬರೆಯೋ ಪ್ರೋಗ್ರಾಮ್‌ಗಳಿಗೆಲ್ಲ ಈ ಕಾಯಿಲೆ ಇದ್ದಿದ್ದೇ. ಬರೆದಿದ್ದೆಲ್ಲ ಸರಿಯಾಗೇ ಇರುತ್ತೆ, ಪ್ಲೇ ಒತ್ತಿದ್ರೆ ಕೊಳಲು ಹೋಗಿ ಪಿಯಾನೊ ಆಗುತ್ತೆ, ಕಹಳೆಗೆ ಗಂಟಲು ಕಟ್ಟುತ್ತೆ. ನಾಳೆ ವೇದಿಕೆ ಮೇಲೆ ನುಡಿಸೋರು ಮನುಷ್ಯರು. ಅವರ್ಯಾರೂ ಧುಂ ಅನ್ನಲ್ಲ.”

ಪತ್ತೇದಾರಿಣಿಗೆ ನಗು ಬರಲಿಲ್ಲ. ಪಾರ್ಶ್ವವಾಯು ಬಡಿದು, ಬಲಗೈಯನ್ನೂ ಮಾತನ್ನೂ ಕಳೆದುಕೊಂಡು ಮಲಗಿರುವ ಮೇಷ್ಟ್ರ ಕೃತಿಯನ್ನು ಅವರ ಹಳೆಯ ಶಿಷ್ಯ ತನ್ನದೆಂದು ಹೇಳಿಕೊಂಡು ನಾಳೆ ಸಂಜೆ ದೊಡ್ಡ ವಾದ್ಯವೃಂದದಿಂದ ನುಡಿಸುವವನಿದ್ದ. ಅಪ್ಪನ ಹೆಸರು ಉಳಿಸಿಕೊಡಿ ಎಂದು ಮೇಷ್ಟ್ರ ಮಗಳು ಕೈಹಿಡಿದು ಕೇಳಿಕೊಂಡಿದ್ದಳು. ಇಷ್ಟು ದಿನ ಓಡಾಡಿದ್ದಕ್ಕೆ ಕೈಗೆ ಸಿಕ್ಕ ಸುಳಿವೆಂದರೆ ಈ ಧುಂ ಒಂದೇ.

ಅದನ್ನು ಹಿಡಿದುಕೊಟ್ಟವರು ಅವಳ ಭಾವ. ಕಿಟಕಿಗೆಲ್ಲ ದಪ್ಪ ಸ್ಪಂಜು ಬಡಿದ ಆ ಕೋಣೆಯ ಮೂಲೆಯಲ್ಲಿ ಈಗ ಸ್ಟೂಲಿನ ಮೇಲೆ ಕೂತು ಪೆಪ್ಪರ್‌ಮಿಂಟ್ ಚೀಪುತ್ತಿದ್ದರು. ಸಂಗೀತಗಾರರು ಕಂಪ್ಯೂಟರಿನಲ್ಲಿ ಬರೆದುಕೊಟ್ಟ ದೊಡ್ಡ ಕೃತಿಯಿಂದ ಪಿಟೀಲಿನವರಿಗೆ ಪಿಟೀಲಿನ ಪುಟ, ಕಹಳೆಯವರಿಗೆ ಕಹಳೆಯ ಪುಟ ಎಂದು ಬೇರ್ಪಡಿಸಿ ಕೊಡುವುದು ಅವರ ಕಸುಬು. ಈ ಕೃತಿಯೂ ಅವರ ಮೇಜಿಗೆ ಬಂದಿತ್ತು. ನಿನ್ನೆ ಕೇಳುತ್ತಾ ಕೂತವರು ರಾತ್ರಿ ಊಟದ ಹೊತ್ತಿಗೆ ನಾದಿನಿಗೆ ಫೋನು ಮಾಡಿ, ನಿನ್ನ ಕಳ್ಳ ಕೆಮ್ಮುತ್ತಿದ್ದಾನೆ, ಬಂದು ಕೇಳು ಎಂದಿದ್ದರು.

“ಇನ್ನೊಂದ್ಸಲ ಹಾಕಿ,” ಎಂದಳು ಪತ್ತೇದಾರಿಣಿ.

ಶಿಷ್ಯ ಮತ್ತೆ ಪ್ಲೇ ಒತ್ತಿದ. ಅವಳು ಕಣ್ಣು ಮುಚ್ಚಿ ಕೇಳಿದಳು. ಪೊಲೀಸ್ ಇಲಾಖೆಯಲ್ಲಿದ್ದಷ್ಟು ವರ್ಷ ಫೋನಿನ ಧ್ವನಿಮುದ್ರಣ ಕೇಳುವುದೇ ಅವಳ ಕೆಲಸವಾಗಿತ್ತು; ಮಾತಿಗಿಂತ ಮಾತಿನ ಹಿಂದಿನ ಸದ್ದು ಹೆಚ್ಚು ಹೇಳುತ್ತದೆ ಎಂಬುದನ್ನು ಅಲ್ಲಿ ಕಲಿತಿದ್ದಳು. ಆದರೆ ಈ ಸಂಗೀತದ ಮುಂದೆ ಕಸುಬು ಮರೆತುಹೋಗುತ್ತಿತ್ತು. ಎಷ್ಟು ಸಲ ಕೇಳಿದರೂ ಆ ಚೆಲ್ಲೊ ಶುರುವಾದ ಕೂಡಲೇ ಎದೆ ಹಗುರಾಗುತ್ತಿತ್ತು. ಬರೆದವರು ಯಾರೇ ಆಗಿರಲಿ, ಅವರ ಕೈಗೆ ಕೈಮುಗಿಯಬೇಕು ಎಂದುಕೊಂಡಳು.

“ಧುಂ.”

“ತರಲೆ ಅಂದ್ಮೇಲೆ ಅದು ಎಲ್ಲಿ ಬೇಕಾದ್ರೂ ಬರಬೇಕಲ್ವಾ?” ಎಂದು ಕಣ್ಣು ತೆರೆದಳು. “ಇದು ಜಾಗ ನೋಡ್ಕೊಂಡು ಬರ್ತಿದೆ. ಚೆಲ್ಲೊ ಕಮಾನು ಬಿಟ್ಟು ಬೆರಳಲ್ಲಿ ತಂತಿ ಮೀಟೋಕೆ ಮುಂಚೆ ಒಂದು ಧುಂ. ಮೀಟೋದು ಮುಗಿಸಿ ಕಮಾನು ಎತ್ಕೊಳ್ಳೋಕೆ ಮುಂಚೆ ಒಂದು ಧುಂ. ಬೇರೆಲ್ಲೂ ಇಲ್ಲ.”

ಶಿಷ್ಯನ ನಗು ಅಲ್ಲೇ ಇತ್ತು, ಆದರೆ ಅದರೊಳಗಿನ ದೀಪ ಆರಿತ್ತು. ಹಳೆಯ ಫೈಲು, ಏನೋ ಕಸ ಉಳಿದುಕೊಂಡಿರಬೇಕು ಎಂದು ಗೊಣಗಿದ.

“ಕಸ ಎಲ್ಲಿದೆ ತೋರಿಸ್ಲಾ?” ಎಂದು ಭಾವ ಸ್ಟೂಲನ್ನು ಎಳೆದುಕೊಂಡು ಬಂದರು. ಬೇಡ ಎನ್ನುವಷ್ಟರಲ್ಲಿ ಅವರ ಬೆರಳು ಮೌಸಿನ ಮೇಲಿತ್ತು. ಅಚ್ಚಾಗದ ಸ್ವರಗಳನ್ನೂ ಪರದೆಯ ಮೇಲೆ ತೋರಿಸುವ ಒಂದು ಗುಂಡಿ ಒತ್ತಿದರು. ಚೆಲ್ಲೊದ ಸಾಲಿನ ಕೆಳಗೆ, ತುಂಬಾ ಕೆಳಗೆ, ಬೂದು ಬಣ್ಣದ ಪುಟ್ಟ ಸ್ವರಗಳು ಅಲ್ಲಲ್ಲಿ ಕಾಣಿಸಿಕೊಂಡವು.

ಭಾವ ಅದನ್ನು ಅವಳಿಗೆ ಬೆಳಿಗ್ಗೆಯೇ ಬಿಡಿಸಿ ಹೇಳಿದ್ದರು. ಕಂಪ್ಯೂಟರಿನ ಚೆಲ್ಲೊಗೆ ಕೈಯಿಲ್ಲ, ಕಮಾನಿಲ್ಲ. ಅದರೊಳಗಿರುವುದು ಯಾರೋ ಒಬ್ಬರು ನಿಜವಾದ ಚೆಲ್ಲೊ ಹಿಡಿದು, ಒಂದೊಂದೇ ಸ್ವರ ನುಡಿಸಿ ರೆಕಾರ್ಡ್ ಮಾಡಿಟ್ಟ ಚೂರುಗಳು. ಕಮಾನಿನದು ಒಂದು ಕಟ್ಟು, ಮೀಟಿದ್ದು ಇನ್ನೊಂದು ಕಟ್ಟು. ಅಂಗಡಿಯಿಂದ ಕೊಂಡ ಹೊಸ ಧ್ವನಿಕಟ್ಟುಗಳಾದರೆ ಸ್ವರದ ಮೇಲೆ ‘ಮೀಟು’ ಎಂದು ಬರೆದರೆ ಸಾಕು, ತಾವೇ ತಿಳಿದುಕೊಳ್ಳುತ್ತವೆ. ಮನೆಯಲ್ಲೇ ಮಾಡಿಕೊಂಡ ಧ್ವನಿಕಟ್ಟಿಗೆ ಅಷ್ಟು ಬುದ್ಧಿಯಿಲ್ಲ. ಈಗ ಮೀಟು, ಈಗ ಕಮಾನು ಹಿಡಿ ಎಂದು ಹೇಳಲು ಅದಕ್ಕೊಂದು ಸ್ವಿಚ್ ಬೇಕು. ಆ ಸ್ವಿಚ್ಚೂ ಒಂದು ಸ್ವರವೇ: ಯಾವ ಚೆಲ್ಲೊವೂ ಇಳಿಯಲಾರದಷ್ಟು ಆಳದ್ದು. ಸರಿಯಾದ ಧ್ವನಿಕಟ್ಟು ಇರುವ ಕಂಪ್ಯೂಟರಿನಲ್ಲಿ ಅದು ಬಾಯಿ ಬಿಡದೆ ತನ್ನ ಕೆಲಸ ಮಾಡಿ ಹೋಗುತ್ತದೆ. ಬೇರೆಯವರ ಕಂಪ್ಯೂಟರಿನಲ್ಲಿ ಅದನ್ನು ಸ್ವಿಚ್ ಎಂದು ಗುರುತಿಸುವವರೇ ಇರುವುದಿಲ್ಲ. ಆಗ ಅದು ಬಾಯಿ ಬಿಡುತ್ತದೆ.

“ನಿಮ್ಮ ಕಂಪ್ಯೂಟರ್‌ಗೆ ಅರ್ಥವೇ ಆಗದ ಸ್ವಿಚ್ಚನ್ನ ನೀವು ಇಷ್ಟು ಜತನವಾಗಿ ಯಾಕೆ ಬರೆದ್ರಿ?” ಎಂದು ಕೇಳಿದಳು ಪತ್ತೇದಾರಿಣಿ.



ಮೇಷ್ಟ್ರ ಹೆಂಡತಿ ಚೆಲ್ಲೊ ವಾದಕಿಯಾಗಿದ್ದರು. ಅವರ ಆರೋಗ್ಯ ಕೈಕೊಡುವ ಮುಂಚಿನ ದಿನಗಳಲ್ಲಿ ಮೇಷ್ಟ್ರು ಹಿಂದಿನ ಕೋಣೆಯ ಕಿಟಕಿಗೆ ಕಂಬಳಿ ಹೊದೆಸಿ, ಆಕೆಯನ್ನು ಕೂರಿಸಿ, ಒಂದೊಂದೇ ಸ್ವರವನ್ನು ಕಮಾನಿನಲ್ಲಿ, ಬೆರಳಿನಲ್ಲಿ, ಮೆಲ್ಲಗೆ, ಜೋರಾಗಿ ಎಲ್ಲ ಬಗೆಯಲ್ಲೂ ನುಡಿಸಲು ಹೇಳಿ ರೆಕಾರ್ಡಿನಲ್ಲಿ ಹಿಡಿದಿಟ್ಟಿದ್ದರು. ಆಕೆ ಹೋದ ಮೇಲೆ ಅವರು ಬರೆದದ್ದೆಲ್ಲ ಆ ಚೆಲ್ಲೊಗಾಗಿಯೇ. ಹೆಂಡತಿಯ ಕೈಯನ್ನು ಹಾಗೆ ಉಳಿಸಿಕೊಂಡ ಗಂಡಸು ಎಂಥವನಿರಬೇಕು ಎಂದು ಕೇಳಿದ ದಿನವೇ ಪತ್ತೇದಾರಿಣಿ ಬೆರಗಾಗಿದ್ದಳು. ಶಿಷ್ಯ ಜಗಳವಾಡಿಕೊಂಡು ಮನೆ ಬಿಟ್ಟಿದ್ದು ಅದಕ್ಕೂ ಮೊದಲು. ಅವನಿಗೆ ಆ ಚೆಲ್ಲೊದ ವಿಷಯವೇ ಗೊತ್ತಿರಲಿಲ್ಲ.

ಅವನು ಎದ್ದು ನಿಂತು, ಮೇಜಿನ ಮೇಲಿದ್ದ ಆರಿದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದ.

“ಸರಿ. ಮುಚ್ಚುಮರೆ ಯಾಕೆ? ಮೊದಲ ಎರಡು ಭಾಗ ಮೇಷ್ಟ್ರದ್ದೇ. ಅವರನ್ನ ನೋಡೋಕೆ ಅಂತ ಹೋಗಿದ್ದೆ. ಮಗಳು ಔಷಧಿ ಅಂಗಡಿಗೆ ಹೋಗಿದ್ಲು, ಕಂಪ್ಯೂಟರ್ ಆನ್ ಆಗಿತ್ತು, ನಕಲು ಮಾಡ್ಕೊಂಡೆ. ಆದ್ರೆ ಮೂರನೇ ಭಾಗ ನಂದು. ಅವರು ಬಿದ್ದಾಗ ಮೂರನೇದು ಶುರುವೇ ಆಗಿರಲಿಲ್ಲ, ಬೇಕಾದ್ರೆ ಯಾರನ್ನಾದ್ರೂ ಕೇಳಿ. ಕೃತಿ ಮುಗಿಸಿದೋನು ನಾನು. ಹೆಸರು ಯಾರದ್ದು ಅನ್ನೋದು ಅಷ್ಟು ಸುಲಭ ಅಲ್ಲ.”

ಆ ಮಾತಿನಲ್ಲಿ ಒಂದು ಭಾಗ ನಿಜ. ಬಿದ್ದ ದಿನ ಬೆಳಿಗ್ಗೆಯೇ ಮೇಷ್ಟ್ರು ವಾದ್ಯವೃಂದದ ಮುಖ್ಯಸ್ಥರಿಗೆ ಫೋನು ಮಾಡಿ, ಮೂರನೆಯ ಭಾಗದ ಒಂದು ಸಾಲೂ ಹುಟ್ಟುತ್ತಿಲ್ಲ ಎಂದು ಅಲವತ್ತುಕೊಂಡಿದ್ದರು. ಅದನ್ನು ಪತ್ತೇದಾರಿಣಿ ಆ ಮುಖ್ಯಸ್ಥರ ಬಾಯಿಂದಲೇ ಕೇಳಿದ್ದಳು.

“ಹಾಗಾದ್ರೆ ನಿಮ್ಮ ಮೂರನೇ ಭಾಗ ಕೇಳೋಣ,” ಎಂದಳು.

ಮೂರನೆಯ ಭಾಗ ಶುರುವಾಯಿತು. ಚೆಲ್ಲೊ ಒಂಟಿಯಾಗಿ, ಬರೀ ಬೆರಳಿನಿಂದ, ಯಾರನ್ನೋ ಎಬ್ಬಿಸಬಾರದು ಎನ್ನುವಷ್ಟು ಮೆತ್ತಗೆ ಮೀಟುತ್ತಾ ಹೋಯಿತು. ಪಿಟೀಲುಗಳು ಬಂದವು, ಕೊಳಲು ಬಂದು ಹೋಯಿತು, ಚೆಲ್ಲೊ ಮಾತ್ರ ಹಟ ಹಿಡಿದ ಹಾಗೆ ಮೀಟುತ್ತಲೇ ಇತ್ತು. ಕೇಳುವವರಿಗೆ ಇನ್ನು ತಡೆಯಲಾಗದು ಎನ್ನುವ ಹೊತ್ತಿಗೆ ಅದು ಕಮಾನು ಎತ್ತಿಕೊಂಡಿತು. ಒಂದೇ ಒಂದು ಉದ್ದನೆಯ ಸ್ವರ. ಮೊದಲೆರಡು ಭಾಗ ಚೆನ್ನಾಗಿದ್ದವು. ಇದು ಅವೆರಡನ್ನೂ ಮೀರಿಸಿತ್ತು. ಭಾವ ಪೆಪ್ಪರ್‌ಮಿಂಟ್ ಚೀಪುವುದನ್ನೇ ಬಿಟ್ಟಿದ್ದರು.

ಆ ಉದ್ದನೆಯ ಸ್ವರಕ್ಕೆ ಸರಿಯಾಗಿ ಮುಂಚೆ, ಸ್ಪೀಕರು ಹೇಳಿತು: ಧುಂ.

ಪರದೆಯ ಕೆಳಗೆ ಬೂದು ಬಣ್ಣದ ಪುಟ್ಟ ಸ್ವರ ಕೂತಿತ್ತು. ಮೂರನೆಯ ಭಾಗವನ್ನೂ ಆ ಚೆಲ್ಲೊ ಇರುವ ಕಂಪ್ಯೂಟರಿನಲ್ಲೇ ಬರೆಯಲಾಗಿತ್ತು.

ಶಿಷ್ಯನ ಮುಖ ಹುಳ್ಳಗಾಯಿತು. ಗೋಡೆಯ ಮೇಲಿನ ನಗುಗಳ ಕೆಳಗೆ ಮತ್ತೆ ಕುರ್ಚಿಗೆ ಕುಸಿದ ಅವನನ್ನು ನೋಡಿ ಪತ್ತೇದಾರಿಣಿಗೆ, ಬರಬಾರದಿತ್ತು, ಆದರೂ ಕನಿಕರ ಬಂತು. ಅವನು ತಗ್ಗಿದ ದನಿಯಲ್ಲಿ ಎಲ್ಲ ಹೇಳಿದ. ನಕಲು ಮಾಡಿಕೊಂಡಾಗ ಮೂರು ಭಾಗವೂ ಆ ಫೈಲಿನಲ್ಲೇ ಇತ್ತಂತೆ. ಕೊನೆಯದನ್ನು ಕೇಳಿದ ರಾತ್ರಿ ನಿದ್ದೆ ಬರಲಿಲ್ಲವಂತೆ. ಇಂಥದ್ದೊಂದು ಬರೆಯಬೇಕೆಂದು ಜೀವನವಿಡೀ ಒದ್ದಾಡಿದವನಂತೆ, ಆಸೆಯಾಯಿತಂತೆ.

“ಬೀಳೋ ಮುಂಚೆ ಹೇಗೋ ಮುಗಿಸಿಬಿಟ್ಟಿದ್ದಾರೆ ಅಂದ್ಕೊಂಡೆ,” ಎಂದ.

“ಮುಗಿಸಿರಲಿಲ್ಲ. ಒಂದು ಸಾಲೂ ಹುಟ್ತಿಲ್ಲ ಅಂತ ಬೆಳಿಗ್ಗೆ ಮುಖ್ಯಸ್ಥರಿಗೆ ಫೋನ್ ಮಾಡಿದ್ರು, ಬಿದ್ದಿದ್ದು ಅವತ್ತೇ ಮಧ್ಯಾಹ್ನ. ಆಮೇಲೆ ಕೈ ಇಲ್ಲ, ಮಾತಿಲ್ಲ.”

ಶಿಷ್ಯ ತಲೆ ಎತ್ತಿ ಅವಳನ್ನೇ ದಿಟ್ಟಿಸಿದ. “ಹಾಗಾದ್ರೆ ನಾನು ಕದ್ದಿದ್ದು ಯಾರಿಂದ?”

ಭಾವನ ಹಳೆಯ ವ್ಯಾನು ಮೇಷ್ಟ್ರ ಮನೆಯ ಕಡೆಗೆ ಟ್ರಾಫಿಕ್ಕಿನಲ್ಲಿ ತೆವಳುತ್ತಿತ್ತು. ಶಿಷ್ಯ ತಾನಾಗಿಯೇ ಕೊಟ್ಟ ಫೈಲು ಪೆನ್‌ಡ್ರೈವಿನಲ್ಲಿ ಬೆಚ್ಚಗೆ ಪತ್ತೇದಾರಿಣಿಯ ಮುಷ್ಟಿಯೊಳಗಿತ್ತು. ಸಂಜೆಯೊಳಗೆ ಮುಖ್ಯಸ್ಥರಿಗೆ ಫೋನು ಮಾಡಿ ಹೆಸರು ಬದಲಾಯಿಸಲು ಹೇಳಬೇಕು. ಆದರೆ ಯಾವ ಹೆಸರು? ಬರೆಯದೆ ಇದ್ದವರ ಹೆಸರು ತೆಗೆದು ಬರೆಯದೆ ಇದ್ದ ಇನ್ನೊಬ್ಬರ ಹೆಸರು ಹಾಕಿಸಿದರೆ ತಾನು ಉದ್ಧಾರ ಮಾಡಿದ್ದಾದರೂ ಏನು?

ಭಾವನ ಅನುಮಾನ ಮೇಷ್ಟ್ರ ತಮ್ಮನ ಮೇಲೆ. ಕ್ಲಾರಿನೆಟ್ ಊದುವ ಆ ಮನುಷ್ಯನ ಹತ್ತಿರ ಮನೆಯ ಕೀಲಿಕೈ ಇದೆ, ಪ್ರತಿದಿನ ಸಂಜೆ ಅಣ್ಣನ ಪಕ್ಕ ಬಂದು ಕೂರುತ್ತಾನೆ. ಇನ್ಯಾರು ಬರೆಯಬೇಕು? ಮನೆಯಲ್ಲಿ ಉಳಿದವಳು ಮಗಳೊಬ್ಬಳೇ. ಅವಳಿಗೆ ಕನ್ನಡಕದ ಅಂಗಡಿ ಇದೆ. ಮೊದಲ ಭೇಟಿಯಲ್ಲೇ ಅವಳು, ನನಗೆ ಸಂಗೀತದ ಗಂಧ ಗಾಳಿಯೂ ಇಲ್ಲ, ಅಮ್ಮ ಅಭ್ಯಾಸಕ್ಕೆ ಕೂತರೆ ನಾನು ಟಿವಿ ಜೋರು ಮಾಡುತ್ತಿದ್ದೆ ಎಂದು ಹೇಳಿ ನಗಿಸಿದ್ದಳು.

“ಭಾವ, ಒಂದು ಕೆಟ್ಟ ಕೆಲಸ ಮಾಡಿಕೊಡ್ತೀರಾ?”

“ನಿಮ್ಮಕ್ಕನ್ನ ಕಟ್ಕೊಂಡ ಮೇಲೆ ಕೆಟ್ಟ ಕೆಲಸ ಮಾಡೋಕೆ ಬಿಡುವೆಲ್ಲಿದೆ? ಹೇಳು.”

ಅವಳು ಹೇಳಿದಳು. ಭಾವನ ಮುಖ ಕಹಿ ಗುಳಿಗೆ ನುಂಗಿದವರ ಹಾಗಾಯಿತು. ಆದರೂ ವ್ಯಾನನ್ನು ಪಕ್ಕಕ್ಕೆ ನಿಲ್ಲಿಸಿ, ಲ್ಯಾಪ್‌ಟಾಪು ತೆರೆದು, ಮೂರನೆಯ ಭಾಗದ ಆ ಉದ್ದನೆಯ ಸ್ವರದ ಹತ್ತಿರ ಹೋದರು. ಅದರ ಮುಂಚೆ ಇದ್ದ ಬೂದು ಸ್ವಿಚ್ಚನ್ನು ಕೂದಲೆಳೆಯಷ್ಟು ಮುಂದಕ್ಕೆ ತಳ್ಳಿದರು. ಈಗ ಸ್ವಿಚ್ ಬರುವ ಹೊತ್ತಿಗೆ ಸ್ವರ ಶುರುವಾಗಿಬಿಟ್ಟಿರುತ್ತದೆ. ಕಮಾನು ಎತ್ತಿಕೊಳ್ಳಬೇಕಾದ ಚೆಲ್ಲೊ ಇನ್ನೂ ಮೀಟುತ್ತಲೇ ಇರುತ್ತದೆ. ಆ ಇಡೀ ಭಾಗ ಯಾವ ಗಳಿಗೆಗಾಗಿ ಕಾಯುತ್ತಿತ್ತೋ ಆ ಗಳಿಗೆಯಲ್ಲಿ ‘ಟಪ್’ ಎಂದು ಮುಗಿದುಹೋಗುತ್ತದೆ.

“ಒಳ್ಳೇ ಅಡುಗೆಗೆ ಕಲ್ಲು ಹಾಕಿದ ಹಾಗಾಯ್ತು,” ಎಂದು ಅವರು ನೊಂದುಕೊಂಡರು.

“ಅಡುಗೆ ಮಾಡಿದೋರ ಹಲ್ಲಿಗೇ ಅದು ಮೊದಲು ಸಿಗೋದು,” ಎಂದಳು ಪತ್ತೇದಾರಿಣಿ.

ಮೇಷ್ಟ್ರ ಕೋಣೆಯಲ್ಲಿ ಮಧ್ಯಾಹ್ನದ ಬಿಸಿಲು ಮಂಚದ ಕಾಲಿನವರೆಗೆ ಬಂದಿತ್ತು. ಕಂಪ್ಯೂಟರು ಅವರ ಕಣ್ಣಿಗೆ ನೇರವಾಗಿ ಕಾಣುವಂತೆ ಮಂಚ ಹಾಕಿದ್ದರು. ಮೂಲೆಯಲ್ಲಿ ಹೆಂಡತಿಯ ಚೆಲ್ಲೊ, ಪೆಟ್ಟಿಗೆಯ ಮೇಲೊಂದು ಹಳೆಯ ಶಾಲು. ಮೇಷ್ಟ್ರು ದಿಂಬಿಗೆ ಒರಗಿ ಕಣ್ಣು ಬಿಟ್ಟುಕೊಂಡಿದ್ದರು. ಬಾಯಿಯ ಒಂದು ಬದಿ ಸೋತಿತ್ತು, ಕಣ್ಣು ಸೋತಿರಲಿಲ್ಲ.

ಪತ್ತೇದಾರಿಣಿ ಕರೆಸಿದ್ದ ಮೇಷ್ಟ್ರ ತಮ್ಮ ಚಹಾದ ಲೋಟ ಹಿಡಿದು ಕಿಟಕಿಯ ಪಕ್ಕ ಕೂತಿದ್ದರು. ಮಗಳು ಅಂಗಡಿಯಿಂದ ಆಗಷ್ಟೇ ಓಡಿಬಂದಿದ್ದಳು. ಕನ್ನಡಕದ ತಿರುಪು ಬಿಗಿಯುವ ಪುಟ್ಟ ಸ್ಕ್ರೂಡ್ರೈವರ್ ಇನ್ನೂ ಮೇಲಂಗಿಯ ಜೇಬಿನಲ್ಲೇ ಇತ್ತು. ಶಿಷ್ಯ ಒಪ್ಪಿಕೊಂಡ ಎಂದು ಪತ್ತೇದಾರಿಣಿ ಹೇಳಿದಾಗ ಅವಳ ಕಣ್ಣು ತುಂಬಿತು. ಅಪ್ಪನ ಬೆರಳುಗಳನ್ನು ಹಿಡಿದುಕೊಂಡು, ಕೇಳಿಸ್ತಾ ಅಪ್ಪ, ನಾಳೆ ನಿಮ್ಮ ಹೆಸರೇ ಇರುತ್ತೆ ಎಂದಳು. ಆ ಸಂತೋಷದಲ್ಲಿ ಎಳ್ಳಷ್ಟೂ ನಾಟಕವಿರಲಿಲ್ಲ. ಪತ್ತೇದಾರಿಣಿಗೆ ತನ್ನ ಗಾಳದ ಬಗ್ಗೆ ನಾಚಿಕೆಯಾಯಿತು.

“ಒಂದ್ಸಲ ಸರಿಯಾದ ಚೆಲ್ಲೊದಲ್ಲಿ ಎಲ್ಲರೂ ಕೇಳೋಣ,” ಎಂದು ಮಾತ್ರ ಹೇಳಿದಳು.

ಭಾವ ಪೆನ್‌ಡ್ರೈವ್ ಸಿಕ್ಕಿಸಿ ಪ್ಲೇ ಒತ್ತಿದರು.

ಧುಂ ಇರಲಿಲ್ಲ. ಎಲ್ಲೂ ಇರಲಿಲ್ಲ. ಬೂದು ಸ್ವರಗಳು ಒಂದೊಂದಾಗಿ ಬಂದು, ಸದ್ದಿಲ್ಲದೆ ತಮ್ಮ ಕೆಲಸ ಮಾಡಿ ಹೋದವು. ಚೆಲ್ಲೊ ಈಗ ಬೇರೆಯೇ ಆಗಿತ್ತು. ಕಮಾನು ತಂತಿ ಮುಟ್ಟುವ ಮುಂಚಿನ ಉಸಿರು ಕೂಡ ಅದರೊಳಗಿತ್ತು. ಅಲ್ಲಲ್ಲಿ ಕುರ್ಚಿ ಕಿರ್ರೆಂದದ್ದು ಕೇಳಿಸುತ್ತಿತ್ತು. ಮೇಷ್ಟ್ರು ಅದನ್ನು ತೆಗೆದುಹಾಕಬಹುದಿತ್ತು, ತೆಗೆದಿರಲಿಲ್ಲ. ಭಾವನಂಥ ಭಾವ ಕನ್ನಡಕ ತೆಗೆದು ಒರೆಸಿಕೊಂಡರು.

“ಅತ್ತಿಗೆಯೇ ಕೂತು ನುಡಿಸ್ತಿರೋ ಹಾಗಿದೆ,” ಎಂದರು ತಮ್ಮ ಮೆಲ್ಲಗೆ.

ಮೂರನೆಯ ಭಾಗ ಬಂತು. ಬೆರಳಿನ ಮೀಟು, ಪಿಟೀಲು, ಕೊಳಲು. ಪತ್ತೇದಾರಿಣಿ ಪರದೆಗೆ ಬೆನ್ನು ಹಾಕಿ ಮುಖಗಳನ್ನು ನೋಡುತ್ತಾ ನಿಂತಳು. ಕಮಾನಿನ ಗಳಿಗೆ ಹತ್ತಿರವಾಯಿತು.

ಟಪ್.

ಮೇಷ್ಟ್ರ ತಮ್ಮ ಬಿಸ್ಕತ್ತನ್ನು ಚಹಾದಲ್ಲಿ ಅದ್ದಿಕೊಂಡು ನೆಮ್ಮದಿಯಾಗಿ ಬಾಯಿಗಿಟ್ಟರು. ಅವರಿಗೆ ಏನೂ ಆಗಿರಲಿಲ್ಲ. ಸ್ವರ ಹಾಗೆಯೇ ಇರಬೇಕೆಂದು ತಿಳಿದಿದ್ದರು. ಭಾವನ ಅನುಮಾನ ಅಲ್ಲಿಗೆ ಮುಗಿಯಿತು.

ಮಗಳ ಹುಬ್ಬು ಗಂಟಿಕ್ಕಿತು. ಅಪ್ಪನ ಕೈ ಬಿಟ್ಟು ಎದ್ದಳು. ಒಲೆಯ ಮೇಲೆ ಹಾಲು ಉಕ್ಕಿದಾಗ ಯಾರೂ ಯೋಚನೆ ಮಾಡಿ ಏಳುವುದಿಲ್ಲವಲ್ಲ, ಹಾಗೆ. ಭಾವನ ಭುಜದ ಮೇಲಿಂದ ಕೈ ಚಾಚಿ ಸಂಗೀತವನ್ನು ನಿಲ್ಲಿಸಿದಳು. ಅಡಗಿದ ಸ್ವರಗಳನ್ನು ತೋರಿಸುವ ಗುಂಡಿಯನ್ನು ಹುಡುಕದೆಯೇ ಒತ್ತಿದಳು. ಅಷ್ಟೊಂದು ಸಾಲುಗಳ ನಡುವೆ ತಪ್ಪಿಹೋದ ಆ ಒಂದು ಬೂದು ಚುಕ್ಕೆಯ ಮೇಲೆ ಅವಳ ಬೆರಳು ನೇರವಾಗಿ ಇಳಿಯಿತು. ಅದನ್ನು ಹಿಂದಕ್ಕೆ ಸರಿಸಿ ಮತ್ತೆ ನುಡಿಸಿದಳು. ಕಮಾನು ಬಂತು, ಆದರೆ ಕೊಂಚ ತಡವರಿಸಿ ಬಂತು.

ಸಂಗೀತದ ಗಂಧ ಗಾಳಿಯೂ ಇಲ್ಲದವಳು. ಪತ್ತೇದಾರಿಣಿಗೆ ಗೆದ್ದೆ ಎನಿಸಲಿಲ್ಲ. ಈ ಹೆಂಗಸಿನ ಮುಂದೆ ತಲೆಬಾಗಬೇಕು ಎನಿಸಿತು. ಎದೆಯೊಳಗೆ ಇಂಥದ್ದನ್ನು ಇಟ್ಟುಕೊಂಡು ಕನ್ನಡಕ ಮಾರುತ್ತಾ ಕೂತಿದ್ದಾಳೆ. ತಾನು ಬರೆದದ್ದಕ್ಕೆ ಅಪ್ಪನ ಹೆಸರು ಹಾಕಿಸಲು ಪತ್ತೇದಾರರ ಮನೆ ಬಾಗಿಲು ತಟ್ಟಿದ್ದಾಳೆ. ಏಕೆ ಎಂದು ಕೇಳಲು ಬಾಯಿ ತೆರೆಯುವಷ್ಟರಲ್ಲಿ, ಮಗಳ ಕಡೆ ತಿರುಗಿದ್ದ ಪತ್ತೇದಾರಿಣಿಯ ಬೆನ್ನ ಹಿಂದಿನಿಂದ ಒಂದು ದನಿ ಕೇಳಿಸಿತು.

“ಇನ್ನೂ ಒಂಚೂರು ಹಿಂದಕ್ಕೆ.”

ತಮ್ಮನ ಕೈಯಿಂದ ಬಿಸ್ಕತ್ತು ಚಹಾದೊಳಗೆ ಬಿತ್ತು. ಭಾವ ಸ್ಟೂಲಿನಿಂದ ಅರ್ಧ ಎದ್ದರು. ಪತ್ತೇದಾರಿಣಿ ತಿರುಗಿ ನೋಡಿದಳು. ಮೇಷ್ಟ್ರು ಕಣ್ಣು ಮುಚ್ಚಿ, ಕತ್ತು ಓರೆ ಮಾಡಿ ಕಿವಿಗೊಟ್ಟಿದ್ದರು. ಇಷ್ಟು ತಿಂಗಳು ಸತ್ತುಹೋಗಿದ್ದ ನಾಲಿಗೆ ತೊದಲಬೇಕಿತ್ತು. ತೊದಲಿರಲಿಲ್ಲ. ಪಾಠ ಹೇಳುವ ಮನುಷ್ಯನ ದನಿ ಅದು, ದಿನವೂ ಬಳಸುವ ದನಿ.

ಅಷ್ಟು ಜನರಲ್ಲಿ ಬೆಚ್ಚದೆ ಇದ್ದವಳು ಮಗಳೊಬ್ಬಳೇ.

“ಆಯ್ತಪ್ಪ,” ಎಂದು ಪರದೆಯಿಂದ ಕಣ್ಣು ಕೀಳದೆ ಅವಳು ಸ್ವರವನ್ನು ಇನ್ನೂ ಒಂಚೂರು ಹಿಂದಕ್ಕೆ ಸರಿಸಿದಳು. ಆಮೇಲೆ, ಆ ದನಿ ಇವತ್ತು ಕೇಳಿಸಿದ್ದು ತನಗೊಬ್ಬಳಿಗೇ ಅಲ್ಲ ಎಂಬುದು ಹೊಳೆದು, ಅವಳ ಕೈ ಅಲ್ಲೇ ನಿಂತಿತು.